ಬಡಾವಣೆಯಲ್ಲಿ ಕರೆಂಟ್ ಉಳಿತಾಯ, ಸ್ವಚ್ಛತೆಗೆ ಸ್ವಯಂಸೇವಾ ಸಮಿತಿ: ಮೊದಲ ಆರು ತಿಂಗಳು ಏನು ಮಾಡೋದು?

ಕೊನೆಯಕ್ರಾಸ್ ಕೇಳಿದ್ದಾರೆ:

ಮೈಸೂರಿನ ಹೊರವಲಯದ ಖಾಸಗಿ ಬಡಾವಣೆ. 140 ಮನೆ, 48 ಬೀದಿದೀಪದ ಕಂಬ (ಎಲ್ಲ ಹಳೆಯ 70 ವಾಟ್ ಸೋಡಿಯಂ ದೀಪ), ಎರಡು ಕೊಳವೆಬಾವಿ, ಒಂದೊಂದಕ್ಕೂ 5 ಎಚ್‌ಪಿ ಸಬ್‌ಮರ್ಸಿಬಲ್ ಪಂಪ್, 50 ಸಾವಿರ ಲೀಟರಿನ ಓವರ್‌ಹೆಡ್ ಟ್ಯಾಂಕ್. ಬಡಾವಣೆ ಇನ್ನೂ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಆಗಿಲ್ಲ. ಹಾಗಾಗಿ ಬೀದಿದೀಪದ ಬಿಲ್ಲೂ ಪಂಪಿನ ಬಿಲ್ಲೂ ನಿವಾಸಿಗಳ ಸಂಘದ ತಲೆಗೇ. ಕಸದ ಆಟೋ ದಿನ ಬಿಟ್ಟು ದಿನ ಬರುತ್ತದೆ. ಮೂಲೆಯ ಖಾಲಿ ಸೈಟಿನಲ್ಲಿ ಕಸದ ಗುಡ್ಡೆ ಒಂದು ಕಾಯಂ ಆಗಿದೆ.

ಒಂಬತ್ತು ಜನರ ಸ್ವಯಂಸೇವಾ ಸಮಿತಿ ಮಾಡಿದ್ದೇವೆ. ಕೆಲಸ ಎರಡು: ವಿದ್ಯುತ್ ಉಳಿತಾಯ ಮತ್ತು ಸ್ವಚ್ಛತೆ. ವಾರಕ್ಕೆ ತಲಾ ಎರಡು ಗಂಟೆಗಿಂತ ಹೆಚ್ಚು ಯಾರಿಗೂ ಸಮಯ ಇಲ್ಲ. ಜಾಥಾ, ಪೋಸ್ಟರ್, ಪ್ರತಿಜ್ಞೆ ಇವೆಲ್ಲ ಬೇಡ ಅಂತ ಒಮ್ಮತಕ್ಕೆ ಬಂದಿದ್ದೇವೆ. ಎಲ್ಲಿಂದ ಶುರು ಮಾಡಬೇಕು, ಏನು ಅಳೆಯಬೇಕು, ಎಲ್ಲಿ ಕೈ ಸುಡುತ್ತದೆ? ಗೊತ್ತಿರುವವರು ವಿವರವಾಗಿ ಬರೆಯಿರಿ.

---

ಮೂರುಫೇಸ್ ಉತ್ತರ:

ಮನೆಮನೆಗೆ ಹೋಗಿ ‘ಲೈಟ್ ಆರಿಸಿ’ ಅನ್ನೋದರಿಂದ ಮಾತ್ರ ಶುರು ಮಾಡಬೇಡಿ. ಸಂಘದ ಹೆಸರಲ್ಲಿ ಇರೋ ಮೀಟರುಗಳಿಂದ ಶುರು ಮಾಡಿ. ಅಲ್ಲಿ ಯಾರ ಮನಸ್ಸನ್ನೂ ಬದಲಿಸಬೇಕಾಗಿಲ್ಲ, ನಾಲ್ಕು ಸ್ಪ್ಯಾನರು ತಿರುಗಿಸಿದರೆ ಯೂನಿಟ್ ಇಳಿಯುತ್ತೆ. ಅಲ್ಲಿ ಉಳಿಸಿದ ದುಡ್ಡೇ ಸ್ವಚ್ಛತೆ ಕೆಲಸದ ಬಂಡವಾಳ.

ಪಂಪ್ ಮೊದಲು. ನಿಮಗೆ ಬೇಕಾಗಿರೋ ಅಂಕಿ ಒಂದೇ: ಸಾವಿರ ಲೀಟರ್ ನೀರಿಗೆ ಎಷ್ಟು ಯೂನಿಟ್. ಅಳೆಯೋದು ಹೀಗೆ. ಟ್ಯಾಂಕ್ ಅರ್ಧ ಖಾಲಿ ಇರುವಾಗ ಹೊರಹೋಗುವ ವಾಲ್ವ್ ಪೂರ್ತಿ ಮುಚ್ಚಿ. ಒಬ್ಬರು ಮೇಲೆ, ನೀರಿನ ಮಟ್ಟಕ್ಕೆ ಟೇಪ್ ಹಿಡಿದು. ಒಬ್ಬರು ಕೆಳಗೆ ಮೀಟರಿನ ಮುಂದೆ. ಒಂದೇ ಪಂಪನ್ನು ಸರಿಯಾಗಿ ಒಂದು ಗಂಟೆ ಓಡಿಸಿ. 5 ಮೀಟರ್ × 4 ಮೀಟರಿನ ಟ್ಯಾಂಕಾದರೆ 10 ಸೆಂಟಿಮೀಟರ್ ಏರಿದ್ದು ಅಂದರೆ 2,000 ಲೀಟರ್. ಗಂಟೆಗೆ 20 ಸೆಂ.ಮೀ. ಏರಿ ಮೀಟರ್ 4.5 ಯೂನಿಟ್ ತೋರಿಸಿದರೆ, ಸಾವಿರ ಲೀಟರಿಗೆ 1.1 ಯೂನಿಟ್. 150 ಮೀಟರ್ ಆಳದಿಂದ ಎತ್ತುವ 5 ಎಚ್‌ಪಿ ಪಂಪಿಗೆ ಇದು ಒಪ್ಪಬಹುದಾದ ಲೆಕ್ಕ. ಲೆಕ್ಕಾಚಾರದ ಪ್ರಕಾರ ಅಷ್ಟು ಎತ್ತರಕ್ಕೆ ಬೇಕಾಗೋದು 0.41 ಯೂನಿಟ್ ಮಾತ್ರ, ಉಳಿದದ್ದು ಮೋಟರ್, ಇಂಪೆಲರ್ (ಪಂಪಿನೊಳಗೆ ತಿರುಗಿ ನೀರು ತಳ್ಳೋ ಚಕ್ರ), ಪೈಪಿನ ತಿಕ್ಕಾಟಕ್ಕೆ ಹೋಗುತ್ತೆ.

ಇದನ್ನ ಎರಡೂ ಬಾವಿಗೆ ಬೇರೆ ಬೇರೆ ಮಾಡಿ, ತಿಂಗಳಿಗೊಮ್ಮೆ ಬರೆದಿಡಿ. 1.1 ಇದ್ದದ್ದು 1.5, 1.6 ಆಯಿತು ಅಂದರೆ ಕಾರಣ ಈ ನಾಲ್ಕರಲ್ಲಿ ಒಂದು: ಅಂತರ್ಜಲ ಇಳಿದಿದೆ, ಇಂಪೆಲರ್ ಮರಳಿನಿಂದ ಸವೆದಿದೆ, ಪೈಪಿನ ಒಳಗೆ ಸುಣ್ಣ ಕಟ್ಟಿದೆ, ಇಲ್ಲವೇ ಬಾವಿಯೊಳಗಿಂದ ನೀರು ಮೇಲೆ ತರೋ ಕಾಲಂ ಪೈಪಿನ ಜಾಯಿಂಟ್ ಸೋರುತ್ತಿದೆ. ಕೊನೆಯದನ್ನ ಪತ್ತೆ ಮಾಡೋದು ಸುಲಭ. ಪಂಪ್ ಆಫ್ ಮಾಡಿ, ಕೇಸಿಂಗಿಗೆ (ಬಾವಿಯ ಹೊರಪೈಪಿಗೆ) ಕಿವಿ ಇಡಿ. ನೀರು ಸುರಿಯೋ ಸದ್ದು ಎರಡು ಮೂರು ನಿಮಿಷ ಕೇಳಿದರೆ ಜಾಯಿಂಟ್ ಅಥವಾ ನೀರು ಹಿಂದಕ್ಕೆ ಇಳಿಯದಂತೆ ತಡೆಯೋ ನಾನ್-ರಿಟರ್ನ್ ವಾಲ್ವ್ ಹೋಗಿದೆ. ದಿನಕ್ಕೆ 70 ಸಾವಿರ ಲೀಟರ್ ಎತ್ತೋ ಬಡಾವಣೆಗೆ 1.1ರಿಂದ 1.6ಕ್ಕೆ ಜಾರಿದರೆ ತಿಂಗಳಿಗೆ ಸಾವಿರ ಯೂನಿಟ್ ದಾಟುತ್ತೆ. ಎಷ್ಟು ಮನೆಯ ಲೈಟ್ ಆರಿಸಿದರೆ ಸಾವಿರ ಯೂನಿಟ್ ಆಗುತ್ತೆ, ನೀವೇ ನೋಡಿ.

ಎರಡು ಬಾವಿಯಲ್ಲಿ ಯಾವುದು ಕಡಿಮೆ ಯೂನಿಟ್ ತಿನ್ನುತ್ತೋ ಅದನ್ನ ಹೆಚ್ಚು ಓಡಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಯಾರೂ ಮಾಡಲ್ಲ. ವಾಟರ್‌ಮ್ಯಾನ್ ಯಾವ ಸ್ಟಾರ್ಟರ್ ಹತ್ತಿರ ಇದೆಯೋ ಅದನ್ನ ಒತ್ತುತ್ತಾನೆ ಅಷ್ಟೆ.

ಆಮೇಲೆ ಸೋರಿಕೆ. ರಾತ್ರಿ 12ಕ್ಕೆ ಟ್ಯಾಂಕಿನ ಮಟ್ಟ ಬರೆದಿಟ್ಟು, ಪಂಪ್ ಹಾಕದೆ, ಬೆಳಿಗ್ಗೆ 4ಕ್ಕೆ ಮತ್ತೆ ನೋಡಿ. ಆ ಹೊತ್ತಿನಲ್ಲಿ ಬಳಕೆ ಹೆಚ್ಚುಕಡಿಮೆ ಸೊನ್ನೆ. ಮಟ್ಟ 10 ಸೆಂ.ಮೀ. ಇಳಿದಿದ್ದರೆ ನಾಲ್ಕು ಗಂಟೆಯಲ್ಲಿ 2,000 ಲೀಟರ್ ಮಣ್ಣಿಗೆ ಅಥವಾ ಮನೆಗಳ ಸಂಪಿನ ಓವರ್‌ಫ್ಲೋಗೆ ಹೋಗಿದೆ. ಇದರ ಜತೆಗೆ ಅಷ್ಟು ನೀರೆತ್ತಿದ ಕರೆಂಟೂ ಹೋಯಿತು.

ಟ್ಯಾಂಕಿಗೆ ಆಟೋಮ್ಯಾಟಿಕ್ ಹಾಕಿಸುವಾಗ ನೀರಿನಲ್ಲಿ ಇಳಿಬಿಡುವ ಸ್ಟೀಲ್ ಕಡ್ಡಿಯ ಅಗ್ಗದ ಸೆನ್ಸರ್ ಬೇಡ. ನಮ್ಮ ಕಡೆ ಗಡಸು ನೀರು. ಕಡ್ಡಿಗೆ ಬಿಳಿ ಪದರ ಕಟ್ಟಿ ಕೆಲವೇ ತಿಂಗಳಲ್ಲಿ ಸುಳ್ಳು ಹೇಳೋಕೆ ಶುರು ಮಾಡುತ್ತೆ. ತೇಲುವ ಫ್ಲೋಟ್ ಸ್ವಿಚ್ ಅಥವಾ ಮ್ಯಾಗ್ನೆಟಿಕ್ ಸೆನ್ಸರ್ ಹಾಕಿಸಿ, ಜತೆಗೆ ಬಾವಿಯಲ್ಲಿ ನೀರಿಲ್ಲದಾಗ ಪಂಪ್ ನಿಲ್ಲಿಸೋ ಡ್ರೈ-ರನ್ ರಿಲೇ ಕಡ್ಡಾಯ. ಎಲೆಕ್ಟ್ರಿಷಿಯನ್ ಬಂದಾಗ ಕ್ಲಾಂಪ್ ಮೀಟರ್ ಹಿಡಿಸಿ ಮೂರೂ ಫೇಸಿನ ಕರೆಂಟ್ ಬರೆದುಕೊಳ್ಳಿ. 5 ಎಚ್‌ಪಿಗೆ ತಲಾ 8–9 ಆಂಪಿಯರ್ ಆಸುಪಾಸು ಇರಬೇಕು. ಒಂದು ಫೇಸಿಗೂ ಇನ್ನೊಂದಕ್ಕೂ ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮೋಟರ್ ಸುಮ್ಮನೆ ಬಿಸಿಯಾಗುತ್ತಿದೆ ಅಂತ ಅರ್ಥ. ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು) 0.85ಕ್ಕಿಂತ ಕೆಳಗೆ ಕಾಣಿಸುತ್ತಿದ್ದರೆ ಕೆಪಾಸಿಟರ್ ಉಬ್ಬಿಕೊಂಡಿದೆಯಾ ನೋಡಿಸಿ. 5 ಎಚ್‌ಪಿಗೆ 2 ಕೆವಿಎಆರ್ ಅಳತೆಯ ಕೆಪಾಸಿಟರ್ ಸಾಕು.

ಬೀದಿದೀಪ. 70 ವಾಟ್ ಸೋಡಿಯಂ ಅಂದರೂ ಚೋಕ್ ಸೇರಿ 85 ವಾಟ್ ಹತ್ತಿರ ಎಳೆಯುತ್ತೆ. 48 ಕಂಬ × 85 ವಾಟ್ × 12 ಗಂಟೆ, ದಿನಕ್ಕೆ 49 ಯೂನಿಟ್. ಬಡಾವಣೆಯ ಒಳರಸ್ತೆಗೆ 30 ವಾಟ್ ಎಲ್‌ಇಡಿ ಹಾಕಿದರೆ 17 ಯೂನಿಟ್. ತಿಂಗಳಿಗೆ ಸುಮಾರು 950 ಯೂನಿಟ್ ಉಳಿತಾಯ. ಹಳೆಯ ಚೋಕನ್ನ ಬಿಚ್ಚಿಸದೆ ಎಲ್‌ಇಡಿ ಸಿಕ್ಕಿಸೋ ಕೆಲಸಕ್ಕೆ ಒಪ್ಪಬೇಡಿ. ಕೊಳ್ಳುವಾಗ 10 ಕಿಲೋವೋಲ್ಟ್ ಸರ್ಜ್ ರಕ್ಷಣೆ (ಸಿಡಿಲಿನಂಥ ಹಠಾತ್ ವೋಲ್ಟೇಜ್ ಏರಿಕೆಗೆ ತಡೆ) ಇರೋದನ್ನೇ ಕೇಳಿ. ಇದಕ್ಕಿಂತ ಮುಖ್ಯ ನ್ಯೂಟ್ರಲ್ ಜಾಯಿಂಟ್: ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ಸಡಿಲವಾದರೆ 230 ಬರಬೇಕಾದ ಕಡೆ 400 ವೋಲ್ಟ್‌ವರೆಗೂ ಏರಿ, ಒಂದೇ ರಾತ್ರಿಯಲ್ಲಿ ಹತ್ತಿಪ್ಪತ್ತು ದೀಪ ಸುಟ್ಟುಹೋಗುತ್ತವೆ. ಆಗ ಎಲ್ಲರೂ ‘ಎಲ್‌ಇಡಿನೇ ಸರಿ ಇಲ್ಲ’ ಅಂತಾರೆ.

ಟೈಮರ್ ಬಗ್ಗೆ ಒಂದು ಮಾತು. ಮುಳ್ಳಿನ ಅಗ್ಗದ ಟೈಮರಿಗೆ ಬ್ಯಾಟರಿ ಇರಲ್ಲ. ಕರೆಂಟ್ ಎರಡು ಗಂಟೆ ಹೋದರೆ ಗಡಿಯಾರ ಎರಡು ಗಂಟೆ ಹಿಂದೆ. ಹತ್ತು ದಿನದಲ್ಲಿ ಮಧ್ಯಾಹ್ನ ದೀಪ ಉರಿಯುತ್ತೆ. ಸೂರ್ಯೋದಯ–ಸೂರ್ಯಾಸ್ತ ತಾನೇ ಲೆಕ್ಕ ಹಾಕುವ ಆಸ್ಟ್ರೋ ಟೈಮರ್ ಹಾಕಿ, ಅಕ್ಷಾಂಶ 12.3, ರೇಖಾಂಶ 76.6 ಕೊಡಿ. ಮೈಸೂರಿನಲ್ಲಿ ನವೆಂಬರಿಗೂ ಜುಲೈಗೂ ಸೂರ್ಯಾಸ್ತದಲ್ಲಿ ಒಂದು ಗಂಟೆಯಷ್ಟು ವ್ಯತ್ಯಾಸ ಇದೆ, ಕೈಯಲ್ಲಿ ಬದಲಿಸುತ್ತಾ ಕೂರೋಕೆ ಆಗಲ್ಲ. ಬೆಳಕು ನೋಡಿ ದೀಪ ಹತ್ತಿಸಿ ಆರಿಸೋ ಫೋಟೋಸೆಲ್ ಹಾಕುವುದಾದರೆ ಉತ್ತರಕ್ಕೆ ಮುಖ ಮಾಡಿ, ದೀಪಕ್ಕಿಂತ ಮೇಲೆ. ದೀಪದ ಬೆಳಕು ಅದರ ಮೇಲೇ ಬಿದ್ದರೆ ಹತ್ತುತ್ತೆ-ಆರುತ್ತೆ, ಹತ್ತುತ್ತೆ-ಆರುತ್ತೆ. ಕಾಗೆ ಹಿಕ್ಕೆ ಬಿದ್ದರೆ ಹಗಲೂ ಉರಿಯುತ್ತೆ.

ಕಂಬ ಹತ್ತೋದು, ಮೀಟರ್ ಬೋರ್ಡ್ ತೆಗೆಯೋದು ಸ್ವಯಂಸೇವಕರ ಕೆಲಸ ಅಲ್ಲ. ಲೈಸೆನ್ಸ್ ಇರೋ ಗುತ್ತಿಗೆದಾರನನ್ನೇ ಕರೆಸಿ.

---

ಸಲಿಕೆಬಾಣಲಿ ಉತ್ತರ:

ಮೂರುಫೇಸ್ ಅವರು ಕರೆಂಟಿನ ಕಡೆ ಹೇಳಿದ್ದು ಕಸಕ್ಕೂ ಸಲ್ಲುತ್ತದೆ. ಶ್ರಮದಾನದ ದಿನಾಂಕ ಗೊತ್ತುಮಾಡುವುದು ಕೊನೆಯ ಕೆಲಸ, ಮೊದಲನೆಯದಲ್ಲ. ಗುಡ್ಡೆ ತೆಗೆಯುವುದು ಎರಡು ಗಂಟೆಯ ಮಾತು. ಅದು ಮತ್ತೆ ಏಳದಂತೆ ನೋಡಿಕೊಳ್ಳುವುದು ಮೂರು ವಾರದ ಮಾತು.

ಮೊದಲ ವಾರ ಸಲಿಕೆ ಮುಟ್ಟಬೇಡಿ, ನೋಡಿ. ಬೆಳಿಗ್ಗೆ 5.30ರಿಂದ 8, ರಾತ್ರಿ 9ರಿಂದ 11, ಈ ಎರಡು ಹೊತ್ತಿನಲ್ಲಿ ಯಾರು ಯಾವ ಥರದ ಚೀಲ ಎಸೆಯುತ್ತಾರೆ ಎಂದು ಗಮನಿಸಿ. ಗುಡ್ಡೆಯನ್ನೇ ಓದಬಹುದು. ಬಾಳೆಲೆ ಮತ್ತು ಪೇಪರ್ ಕಪ್ ಇದ್ದರೆ ಕ್ಯಾಂಟೀನ್ ಅಥವಾ ಛತ್ರ. ಪುಕ್ಕ ಇದ್ದರೆ ಕೋಳಿ ಅಂಗಡಿ. ಒಡೆದ ಟೈಲ್ಸ್, ಸಿಮೆಂಟ್ ಗಟ್ಟಿ ಇದ್ದರೆ ಪಕ್ಕದಲ್ಲೇ ಮನೆ ಕಟ್ಟುತ್ತಿರುವವರು. ಚಿಕ್ಕ ಚಿಕ್ಕ ಕ್ಯಾರಿಬ್ಯಾಗಿನ ಗಂಟುಗಳಾದರೆ ಬಾಡಿಗೆ ಮನೆಯ ದಂಪತಿ, ಇಬ್ಬರೂ ಎಂಟಕ್ಕೆ ಮನೆ ಬಿಡುವವರು. ಆಟೋ ಒಂಬತ್ತೂವರೆಗೆ ಬಂದರೆ ಅವರು ಕಸ ಯಾರ ಕೈಗೆ ಕೊಡಬೇಕು? ಬೈಯುವ ಮೊದಲು ಆಟೋದ ಹೊತ್ತು ಬದಲಿಸಲು ಅರ್ಜಿ ಕೊಡಿ. ಅದು ಆಗುವವರೆಗೆ ಎರಡು ಮೂರು ಮನೆಯವರು ಗೇಟಿನ ಒಳಗೆ ಬುಟ್ಟಿ ಇಡಲು ಒಪ್ಪಿದರೆ ಸಾಕು, ಗಂಟುಗಳು ಅರ್ಧಕ್ಕರ್ಧ ನಿಲ್ಲುತ್ತವೆ.

ಆಟೋ ವಿಷಯದಲ್ಲಿ ಇನ್ನೊಂದು. ಜನರಿಗೆ ‘ಹಸಿ ಕಸ, ಒಣ ಕಸ ಬೇರೆ ಮಾಡಿ’ ಎಂದು ಹೇಳುವ ಮುಂಚೆ ಆಟೋದ ಹಿಂದೆ ಹೋಗಿ ಅದರೊಳಗೆ ಎರಡು ಭಾಗ ಇದೆಯೇ ನೋಡಿ. ಬೇರೆ ಮಾಡಿಕೊಟ್ಟದ್ದನ್ನು ಕಣ್ಣೆದುರೇ ಒಟ್ಟಿಗೆ ಸುರಿದರೆ ಮರುದಿನದಿಂದ ಯಾವ ಗೃಹಿಣಿಯೂ ಬೇರೆ ಮಾಡುವುದಿಲ್ಲ, ಮಾಡಲೂಬಾರದು. ಭಾಗ ಇಲ್ಲದಿದ್ದರೆ ಒಣ ಕಸವನ್ನು ವಾರಕ್ಕೊಂದೇ ದಿನ ಕೊಡುವ ಪದ್ಧತಿ ಇಟ್ಟುಕೊಳ್ಳಿ. ಡಯಾಪರ್, ಪ್ಯಾಡ್ ಪತ್ರಿಕೆಯಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆಯೇ ಕೊಡಬೇಕು. ಪೌರಕಾರ್ಮಿಕರು ಬರಿಗೈಯಲ್ಲಿ ಬಿಚ್ಚಿ ನೋಡುವ ಸ್ಥಿತಿ ಬರಬಾರದು. ಬೆಂಗಳೂರಿನಲ್ಲಿ 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಆದೇಶದ ಮೇಲೆ ಬಂದ ಎರಡು ಬುಟ್ಟಿ–ಒಂದು ಚೀಲ ಪದ್ಧತಿ ಇದೇ: ಹಸಿರು ಬುಟ್ಟಿಗೆ ಹಸಿ, ಕೆಂಪಿಗೆ ಇಂಥದ್ದು, ಚೀಲಕ್ಕೆ ಒಣ ಕಸ. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ.

ಈಗ ಶ್ರಮದಾನದ ದಿನ. ಟ್ರ್ಯಾಕ್ಟರ್ ಅಥವಾ ಟಿಪ್ಪರ್ ಬರುವುದು ಖಾತ್ರಿಯಾದ ಮೇಲೆಯೇ ದಿನ ನಿಗದಿ ಮಾಡಿ. ಗುಡ್ಡೆ ಕೆದಕಿ ಚೀಲಕ್ಕೆ ತುಂಬಿ, ಗಾಡಿ ಬಾರದೆ ಚೀಲಗಳು ರಸ್ತೆ ಬದಿಯಲ್ಲೇ ಉಳಿದರೆ ರಾತ್ರಿಯೊಳಗೆ ನಾಯಿ ಹರಿದು, ಮೊದಲಿಗಿಂತ ಹೆಚ್ಚು ಜಾಗಕ್ಕೆ ಹರಡುತ್ತದೆ. ಒಂದು ಸೈಟಿನ ಮೂಲೆಯ ಗುಡ್ಡೆಗೆ ಇಪ್ಪತ್ತು ಜನ, ಬೆಳಿಗ್ಗೆ 6.30ರಿಂದ 8.30. ಸಾಮಾನು: ಸಲಿಕೆ 6, ಹಲ್ಲಿನ ಕುಂಟೆ 4, ಪಿಕಾಸಿ 1, ಬಾಣಲಿ 8, ಗೊಬ್ಬರದ ಖಾಲಿ ಚೀಲ 60. ಕೈಗವಸು ಪಾಲಿಥೀನಿನದು ಬೇಡ, ಅಂಗೈಗೆ ರಬ್ಬರ್ ಲೇಪ ಇರುವ ಹೆಣಿಗೆಯದು ಬೇಕು. ಕಾಲಿಗೆ ಶೂ ಇಲ್ಲದವರನ್ನು ಗುಡ್ಡೆ ಹತ್ತಿಸಬೇಡಿ, ಚೀಲ ಹಿಡಿಯಲು ನಿಲ್ಲಿಸಿ. ಮೊದಲ ಹತ್ತು ನಿಮಿಷ ಉದ್ದ ಕೋಲಿನಿಂದ ಗುಡ್ಡೆ ತಟ್ಟಿ ಸದ್ದು ಮಾಡಿ, ಹಾವು ಇದ್ದರೆ ಸರಿದುಹೋಗಲಿ. ಸೂಜಿ, ಬ್ಲೇಡ್, ಗಾಜು ಸಿಕ್ಕರೆ ಚೀಲಕ್ಕೆ ಹಾಕದೆ ದಪ್ಪ ಪ್ಲಾಸ್ಟಿಕ್ ಕ್ಯಾನಿಗೆ. ಚುಚ್ಚಿಸಿಕೊಂಡವರನ್ನು ಅಂದೇ ವೈದ್ಯರ ಹತ್ತಿರ ಕಳಿಸಿ, ಟಿಟಿ ಹಾಕಿಸಿಕೊಂಡರೆ ಮುಗಿಯಿತು ಎಂದುಕೊಳ್ಳಬೇಡಿ. ಅದು ಸಿರಿಂಜಿನ ಸೂಜಿಯಾಗಿದ್ದರೆ ಹಾಗೆಂದು ಹೇಳಿಯೇ ತೋರಿಸಬೇಕು.

ತಿಂಗಳುಗಟ್ಟಲೆ ಕೊಳೆತ ಕಸವನ್ನು ಅಲ್ಲೇ ವಿಂಗಡಿಸುತ್ತೇವೆಂದು ಹೊರಡಬೇಡಿ. ಬಾಟಲಿ, ಗಾಜು, ದೊಡ್ಡ ಪ್ಲಾಸ್ಟಿಕ್ ಹೆಕ್ಕಿ, ಉಳಿದದ್ದು ಗಾಡಿಗೆ. ಕಟ್ಟಡದ ಅವಶೇಷ ಬೇರೆ ಗಾಡಿಗೆ ಹೋಗಬೇಕು, ಮನೆಕಸದ ಜತೆ ಸೇರಿಸಿದರೆ ಯಾವ ಘಟಕವೂ ತೆಗೆದುಕೊಳ್ಳುವುದಿಲ್ಲ. ಮಳೆನೀರಿನ ಚರಂಡಿಯ ಹೂಳು ತೆಗೆದರೆ ಒಂದು ದಿನ ಅಂಚಿನಲ್ಲೇ ಬಸಿಯಲು ಬಿಡಿ, ನೀರು ಇಳಿದು ಭಾರ ಅರ್ಧವಾಗುತ್ತದೆ. ಎರಡು ದಿನ ಬಿಟ್ಟರೆ ಮಾತ್ರ ಒಂದು ಮಳೆಗೆ ಎಲ್ಲ ವಾಪಸ್ ಒಳಗೆ. ಒಳಚರಂಡಿಯ ಮ್ಯಾನ್‌ಹೋಲ್ ಮುಚ್ಚಳವನ್ನು ಯಾರೂ ತೆಗೆಯಕೂಡದು. ಇಳಿಯುವುದಂತೂ ದೂರದ ಮಾತು, ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನವಿಲ್ಲದೆ ಯಾರನ್ನಾದರೂ ಇಳಿಸುವುದು ಅಪರಾಧ, ಮತ್ತು ಆ ಗಾಳಿ ಕ್ಷಣದಲ್ಲಿ ಕೊಲ್ಲುತ್ತದೆ.

ಜಾಗ ಖಾಲಿಯಾದ ಅರ್ಧ ಗಂಟೆಯಲ್ಲಿ ಅದರ ಮುಖ ಬದಲಾಗಬೇಕು. ಒಂದು ಲೋಡ್ ಕ್ರಷರ್ ಪುಡಿ ಹರಡಿ ಮಟ್ಟ ಮಾಡಿ, ಹಿಂದಿನ ಕಾಂಪೌಂಡಿಗೆ ಸುಣ್ಣ ಹೊಡೆಯಿರಿ, ಎರಡು ಸೈಜುಗಲ್ಲಿನ ಮೇಲೆ ಒಂದು ಕಡಪ ಚಪ್ಪಡಿ ಇಟ್ಟು ಕೂರುವ ಜಾಗ ಮಾಡಿ. ಕುಂಡ ಇಡುವವರು ಹಗುರದ ಪ್ಲಾಸ್ಟಿಕ್ ಕುಂಡ ಇಡುತ್ತಾರೆ, ಮೂರನೇ ದಿನ ಕುಂಡವೂ ಇಲ್ಲ ಗಿಡವೂ ಇಲ್ಲ. ನೆಲಕ್ಕೇ ನೆಡಿ, ದನ ಮುಟ್ಟದ ಕಣಗಿಲೆಯಂಥದ್ದು. ಅದು ವಿಷದ ಗಿಡ ಅನ್ನುವುದು ನೆನಪಿರಲಿ, ಮಕ್ಕಳು ಆಡುವ ಜಾಗವಾದರೆ ದಾಸವಾಳಕ್ಕೆ ಮುಳ್ಳಿನ ಬೇಲಿ ಕಟ್ಟುವುದೇ ವಾಸಿ.

ಆಮೇಲೆ ಇಪ್ಪತ್ತೊಂದು ದಿನ, ದಿನಕ್ಕೆರಡು ಬಾರಿ ಒಬ್ಬರು ಹೋಗಿ ನೋಡಬೇಕು. ಬಿದ್ದ ಮೊದಲ ಗಂಟನ್ನು ಗಂಟೆಯೊಳಗೆ ಎತ್ತಬೇಕು. ಒಂದು ಗಂಟು ರಾತ್ರಿಯಿಡೀ ಉಳಿದರೆ ಬೆಳಿಗ್ಗೆಗೆ ಅದಕ್ಕೆ ಐದು ಜತೆಗಾರರು. ಒಂಬತ್ತು ಜನ ಇದ್ದೀರಿ, ಸರದಿ ಹಾಕಿಕೊಂಡರೆ ತಲಾ ಐದು ಸಲವೂ ಬರುವುದಿಲ್ಲ. ಕ್ಯಾಮೆರಾ ಹಾಕಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ರಾತ್ರಿ ಮಂಕುಬೆಳಕಿನಲ್ಲಿ ಹೆಲ್ಮೆಟ್ ಹಾಕಿದ ಬೈಕಿನವನ ಬೆನ್ನು ಕಾಣಿಸುತ್ತದೆ. ಅದೇ ದುಡ್ಡಿಗೆ ಆ ಮೂಲೆಗೆ ಒಂದು ದೀಪ ಹಾಕಿಸಿ.

ಮೈಸೂರು 2015 ಮತ್ತು 2016ರಲ್ಲಿ ದೇಶದ ಅತಿ ಸ್ವಚ್ಛ ನಗರ ಅನ್ನಿಸಿಕೊಂಡದ್ದು ನಿಜ. ರಿಂಗ್ ರೋಡಿನ ಆಚೆಯ ಖಾಲಿ ಸೈಟುಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ ಅಷ್ಟೆ.

---

ಮಿಣುಕುದೀಪ ಉತ್ತರ:

ಮೂರುಫೇಸ್ ಅವರ ಕ್ರಮಕ್ಕೆ ನನ್ನ ಒಪ್ಪಿಗೆ ಇದೆ, ಆದರೆ ಮನೆಗಳನ್ನು ಪೂರ್ತಿ ಬಿಡುವುದು ಸರಿಯಲ್ಲ. ಗೃಹಜ್ಯೋತಿ 2023ರ ಜುಲೈನಲ್ಲಿ ಬಂದ ಮೇಲೆ ಮನೆಯ ಲೆಕ್ಕವೇ ಬೇರೆ ಆಗಿದೆ. 2022–23ರ ಸರಾಸರಿಯ ಮೇಲೆ ಪ್ರತಿ ಮನೆಗೂ ಒಂದು ಮಿತಿ ಇದೆ. ಮಿತಿ ಮೀರಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ಹಣ. 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಹೀಗಾಗಿ ಮಿತಿಯೊಳಗೇ 80 ಯೂನಿಟ್ ಬಳಸುವ ಮನೆಗೆ ಉಳಿತಾಯದ ಪಾಠ ಹೇಳಿದರೆ ಅವರಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ, ಕೇಳುವುದೂ ಇಲ್ಲ. ನಿಮ್ಮ ಗಿರಾಕಿಗಳು ಮಾರ್ಚ್–ಮೇ ತಿಂಗಳಲ್ಲಿ 195ರಿಂದ 230ರ ನಡುವೆ ಓಲಾಡುವ ಮನೆಗಳು. ಸಮಿತಿಯ ಎರಡು ಗಂಟೆಯನ್ನು ಅಲ್ಲಿ ಖರ್ಚು ಮಾಡಿ.

ಒಂದು ಮನೆಗೆ ಮುಕ್ಕಾಲು ಗಂಟೆ ಸಾಕು. ಉಪಕರಣ: ಮೊಬೈಲಿನ ಸ್ಟಾಪ್‌ವಾಚ್, ಸಾಧ್ಯವಾದರೆ 16 ಆಂಪಿಯರ್ ಪ್ಲಗ್ ಮೀಟರ್ ಒಂದು. ಮೀಟರಿನ ಕೆಂಪು ಚುಕ್ಕೆ ಒಂದು ಯೂನಿಟ್ಟಿಗೆ ಎಷ್ಟು ಸಲ ಮಿಣುಕುತ್ತದೆ ಎಂದು ಅದರ ಮುಖದ ಮೇಲೆ ಬರೆದಿರುತ್ತದೆ, ಸಾಮಾನ್ಯವಾಗಿ 3200 ಅಥವಾ 1600. 3200ರ ಮೀಟರಾದರೆ 1125ನ್ನು ಎರಡು ಮಿಣುಕಿನ ನಡುವಿನ ಸೆಕೆಂಡಿನಿಂದ ಭಾಗಿಸಿ. ಬಂದದ್ದೇ ಆ ಕ್ಷಣದ ವಾಟ್. 1600ರದ್ದಾದರೆ 2250ನ್ನು ಭಾಗಿಸಿ.

ಮೊದಲು ಫ್ರಿಜ್ ಪ್ಲಗ್ ತೆಗೆಸಿ, ಮನೆಯವರು ‘ಎಲ್ಲ ಆಫ್ ಮಾಡಿದ್ದೇವೆ’ ಅನ್ನುವ ಸ್ಥಿತಿಯಲ್ಲಿ ಕೆಂಪು ಚುಕ್ಕೆ ನೋಡುತ್ತಾ ನಿಲ್ಲಿ. 15 ಸೆಕೆಂಡಿಗೊಮ್ಮೆ ಮಿಣುಕಿತು ಅನ್ನಿ. 75 ವಾಟ್. ಏನೂ ಹಾಕದೆಯೇ ತಿಂಗಳಿಗೆ 54 ಯೂನಿಟ್! ಆಮೇಲೆ ಒಂದೊಂದೇ ಪ್ಲಗ್ ತೆಗೆಸುತ್ತಾ ಬನ್ನಿ. ಟಿವಿಯ ಸೆಟ್‌ಟಾಪ್ ಬಾಕ್ಸ್ ರಿಮೋಟಿನಲ್ಲಿ ಆರಿಸಿದರೂ 10 ವಾಟ್ ಎಳೆಯುತ್ತಿರುತ್ತದೆ, ಅಂದರೆ ತಿಂಗಳಿಗೆ 7 ಯೂನಿಟ್. ದೊಡ್ಡ ಕಳ್ಳ ಸಾಮಾನ್ಯವಾಗಿ ಇನ್ವರ್ಟರ್. ಬ್ಯಾಟರಿ ಹಳೆಯದಾದರೆ ಎಷ್ಟು ಹೊತ್ತಾದರೂ ತುಂಬಿತು ಅನ್ನುವುದೇ ಇಲ್ಲ, ಹಗಲೂ ರಾತ್ರಿ 40–50 ವಾಟ್ ಎಳೆದು ಬಿಸಿ ಮಾಡಿಕೊಳ್ಳುತ್ತಾ ಕೂರುತ್ತದೆ. ಬ್ಯಾಟರಿ ಪಕ್ಕ ಮುಟ್ಟಿ ಬೆಚ್ಚಗಿದೆಯೇ ನೋಡಿ, ಡಿಸ್ಟಿಲ್ಡ್ ನೀರು ಎಷ್ಟು ಬೇಗ ಇಳಿಯುತ್ತದೆ ಕೇಳಿ.

ಎಲ್ಲ ಪ್ಲಗ್ ತೆಗೆದರೂ ಮಿಣುಕು ನಿಲ್ಲದಿದ್ದರೆ, ಅಥವಾ ಮೀಟರಿನಲ್ಲಿ ಅರ್ಥ್ ಲೀಕೇಜಿನ (ಕರೆಂಟ್ ನೆಲಕ್ಕೆ ಸೋರುವುದರ) ಕೆಂಪು ದೀಪ ಹತ್ತಿದ್ದರೆ, ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಎಲೆಕ್ಟ್ರಿಷಿಯನ್ ಕರೆಸಲು ಹೇಳಿ. ಗೀಸರ್ ಕಾಯಿಲ್ ಸೋರಿಕೆಯೋ, ನೆರೆಮನೆಯ ನ್ಯೂಟ್ರಲ್ ಬೆರೆತಿದೆಯೋ, ನೀವು ಬೋರ್ಡ್ ಬಿಚ್ಚಿ ನೋಡಬೇಡಿ. ಮೀಟರಿನ ಸೀಲ್ ಅಂತೂ ಮುಟ್ಟಲೇಬೇಡಿ.

ಇನ್ನು ಬದಲಿಸುವ ವಸ್ತುಗಳು. ಹಳೆಯ ಸೀಲಿಂಗ್ ಫ್ಯಾನ್ 75 ವಾಟ್, ಬಿಎಲ್‌ಡಿಸಿ ಫ್ಯಾನ್ (ಕಡಿಮೆ ಕರೆಂಟ್ ಎಳೆಯುವ ಮೋಟರಿನದು) 30. ದಿನಕ್ಕೆ ಹತ್ತು ಗಂಟೆ ತಿರುಗುವ ಫ್ಯಾನಿಗೆ ತಿಂಗಳಿಗೆ 13 ಯೂನಿಟ್ ಉಳಿಯುತ್ತದೆ, ಹಾಗಾಗಿ ಮಲಗುವ ಕೋಣೆಯದನ್ನು ಮೊದಲು. ಗೋಡೆಯ ರೆಗ್ಯುಲೇಟರನ್ನು ಬೈಪಾಸ್ ಮಾಡಿಸಿಯೇ ಜೋಡಿಸಬೇಕು, ಇಲ್ಲದಿದ್ದರೆ ಫ್ಯಾನಿನ ಒಳಗಿನ ಸರ್ಕ್ಯೂಟ್ ಹೋಗುತ್ತದೆ. ಚೋಕಿನ ಟ್ಯೂಬ್‌ಲೈಟ್ 50 ವಾಟ್, ಎಲ್‌ಇಡಿ ಪಟ್ಟಿ 20. 2015ರ ಕೊನೆಯಲ್ಲಿ ಹೊಸ ಬೆಳಕು ಯೋಜನೆಯಲ್ಲಿ ಬಲ್ಬುಗಳೇನೋ ಎಲ್‌ಇಡಿಗೆ ಬದಲಾದವು, ಅಡುಗೆಮನೆಯ ಟ್ಯೂಬ್ ಮಾತ್ರ ಎಷ್ಟೋ ಮನೆಗಳಲ್ಲಿ ಹಾಗೇ ಉಳಿದಿದೆ. ತೆಗೆದ ಟ್ಯೂಬನ್ನು ಮಕ್ಕಳ ಕೈಗೆ ಕೊಡಬೇಡಿ, ಒಡೆದರೆ ಪಾದರಸ ಇರುತ್ತದೆ. ಸಂಘದ ಕಚೇರಿಯಲ್ಲಿ ಒಂದು ಉದ್ದ ರಟ್ಟಿನ ಪೆಟ್ಟಿಗೆ ಇಟ್ಟು ಕೂಡಿಸಿ, ಇ-ತ್ಯಾಜ್ಯದವರಿಗೆ ಒಟ್ಟಿಗೆ ಕೊಡಿ.

ಗೀಸರ್: 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಏರಿಸಲು 0.6 ಯೂನಿಟ್ ಬೇಕು. ಇದು ಭೌತಶಾಸ್ತ್ರ, ಯಾವ ಕಂಪನಿಯೂ ಕಡಿಮೆ ಮಾಡಲಾರದು. ಕಡಿಮೆ ಮಾಡಬಹುದಾದ್ದು ಇಡೀ ದಿನ ಸ್ವಿಚ್ ಬಿಟ್ಟಿರುವುದನ್ನು. ಫ್ರಿಜ್ಜಿಗೆ ಒಂದು ಪರೀಕ್ಷೆ ಸಾಕು. ನೋಟೊಂದನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯಿರಿ, ಸಲೀಸಾಗಿ ಬಂದರೆ ಗ್ಯಾಸ್ಕೆಟ್ (ಬಾಗಿಲಂಚಿನ ರಬ್ಬರ್ ಪಟ್ಟಿ) ಹೋಗಿದೆ.

ಹೊರಡುವ ಮುಂಚೆ ಕೇಸರಿಬಾತಿಗೆ ಹಾಕುವ ಬಣ್ಣ ಚಿಟಿಕೆಯಷ್ಟನ್ನು ಫ್ಲಶ್ ಟ್ಯಾಂಕಿಗೆ ಹಾಕಿ. ಕಾಲು ಗಂಟೆಯಲ್ಲಿ ಫ್ಲಶ್ ಮಾಡದೆಯೇ ಕೆಳಗೆ ಬಣ್ಣ ಕಂಡರೆ ವಾಷರ್ ಸೋರುತ್ತಿದೆ. ಮೂರುಫೇಸ್ ಹೇಳಿದ ರಾತ್ರಿಯ 2,000 ಲೀಟರಿನಲ್ಲಿ ಒಂದು ಪಾಲು ಇಲ್ಲಿದೆ.

---

ಕೊನೆಯಕ್ರಾಸ್:

ಎಲ್ಲರಿಗೂ ವಂದನೆ. ಎರಡು ಉಪಪ್ರಶ್ನೆ. ಫೆಬ್ರವರಿ–ಮಾರ್ಚಿನಲ್ಲಿ ಹೊಂಗೆ, ಮಳೆಮರದ ಎಲೆ ರಾಶಿ ರಾಶಿ ಉದುರುತ್ತದೆ, ಗುಡಿಸುವವರು ಬೆಂಕಿ ಹಾಕುತ್ತಾರೆ. ಇದಕ್ಕೆ ಕಡಿಮೆ ಖರ್ಚಿನ ದಾರಿ? ಇನ್ನೊಂದು, ಖಾಲಿ ಸೈಟುಗಳ ತುಂಬಾ ಕಾಂಗ್ರೆಸ್ ಗಿಡ.

---

ಹೊಂಗೆನೆರಳು ಉತ್ತರ:

ಎಲೆಗೆ ತಂತಿಬಲೆಯ ಪಂಜರ ಸಾಕು. 4 ಅಡಿ ಎತ್ತರದ ವೆಲ್ಡೆಡ್ ಜಿಐ ಬಲೆ 13 ಅಡಿ ಕತ್ತರಿಸಿ ಸುತ್ತಿದರೆ 4 ಅಡಿ ಅಗಲದ ದುಂಡು ಪಂಜರ. ಕಣ್ಣು ಒಂದು ಇಂಚಿಗಿಂತ ದೊಡ್ಡದಾದರೆ ಹೊಂಗೆ ಎಲೆ ನಿಲ್ಲುತ್ತದೆ, ಮಳೆಮರದ ಪುಟ್ಟ ಎಲೆ ಎಲ್ಲ ಸೋರಿಹೋಗುತ್ತದೆ. ಒಳಗೆ ಹಳೆಯ ಶೇಡ್‌ನೆಟ್ ಸುತ್ತಿ. ನೆಲ ಮಣ್ಣಿನದೇ ಇರಲಿ, ಸಿಮೆಂಟ್ ಬೇಡ. ಅಡಿಯಲ್ಲಿ ಕಡ್ಡಿ, ತೆಂಗಿನ ಗರಿಯ ತುಂಡು ಒಂದು ಗೇಣು.

ಒಂದು ಅಡಿ ಎಲೆ ತುಂಬಿ, ತುಳಿದು, ಮೇಲೆ ಸಗಣಿ ನೀರು: 20 ಲೀಟರ್ ನೀರಿಗೆ 2 ಕೆಜಿ ಹಸಿ ಸಗಣಿ, ಒಂದು ಹಿಡಿ ಬೆಲ್ಲ, ಇದ್ದರೆ ಒಂದು ಲೋಟ ಹುಳಿ ಮಜ್ಜಿಗೆ. ಮತ್ತೊಂದು ಅಡಿ ಎಲೆ, ಮತ್ತೆ ಸಗಣಿ ನೀರು. ಹದ ನೋಡುವುದು ಹೀಗೆ. ಒಳಗಿನಿಂದ ಒಂದು ಮುಷ್ಟಿ ತೆಗೆದು ಹಿಂಡಿ. ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಎಲ್ಲರೂ ಎಡವುವುದು ಇಲ್ಲೇ. ಮೇಲೆ ಪೈಪ್ ಹಿಡಿದರೆ ಮೇಲಿನ ಎಲೆ ಹಂಚಿನಂತೆ ಕೆಲಸ ಮಾಡಿ ನೀರೆಲ್ಲ ಬದಿಯಿಂದ ಇಳಿದುಹೋಗುತ್ತದೆ, ನಡು ಒಣಗಿಯೇ ಇರುತ್ತದೆ. ಆರು ತಿಂಗಳಾದರೂ ಎಲೆ ಎಲೆಯಾಗಿಯೇ ಉಳಿದಿದೆ, ಇರುವೆ ಗೂಡು ಕಟ್ಟಿದೆ ಅಂದರೆ ಇದೇ ಕಾರಣ. ತುಂಬುವಾಗಲೇ ನಡುವೆ ತೂತು ಕೊರೆದ 3 ಇಂಚಿನ ಪಿವಿಸಿ ಪೈಪ್ ನಿಲ್ಲಿಸಿ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಅದರೊಳಗೆ ಎರಡು ಬಕೆಟ್ ಸುರಿಯಿರಿ. ತಿಂಗಳಿಗೊಮ್ಮೆ ಬಲೆ ಬಿಚ್ಚಿ, ಪಕ್ಕದಲ್ಲೇ ಮತ್ತೆ ಸುತ್ತಿ, ರಾಶಿಯನ್ನು ಮಗುಚಿ ತುಂಬಿ. ನಾಲ್ಕು–ಐದು ತಿಂಗಳಿಗೆ ಕಪ್ಪು ಪುಡಿ, ತುಂಬಿದ್ದರ ಕಾಲು ಭಾಗದಷ್ಟು. ಮಾವಿನ ಎಲೆ, ಹಲಸಿನ ಎಲೆ ಪುಡಿ ಮಾಡದೆ ಹಾಕಿದರೆ ಇನ್ನೂ ತಡ.

ಪಂಜರವನ್ನು ಎಲೆ ಉದುರುವ ಮೊದಲು, ಜನವರಿಯಲ್ಲೇ ಇಡಿ, ಗುಡಿಸುವವರು ನಿಲ್ಲುವ ಕಡೆಗೆ. 200 ಅಡಿ ದೂರ ಎಳೆದು ತನ್ನಿ ಅಂದರೆ ಬೆಂಕಿಯೇ ಹತ್ತಿರ. ತಪ್ಪು ಅವರದಲ್ಲ.

ಕಾಂಗ್ರೆಸ್ ಗಿಡ: ಮಳೆ ಬಂದ ಮರುದಿನ, ಹೂವಿಗೆ ಮುಂಚೆ, ಬೇರುಸಹಿತ ಕೀಳಬೇಕು. ಹೂಬಿಟ್ಟ ಮೇಲೆ ಕಿತ್ತು ಎಳೆದಾಡಿದರೆ ನೀವೇ ಬಿತ್ತನೆ ಮಾಡಿದಂತೆ. ತುಂಬುತೋಳಿನ ಅಂಗಿ, ಕೈಗವಸು, ಮಾಸ್ಕ್. ಉಬ್ಬಸ ಅಥವಾ ಚರ್ಮದ ಅಲರ್ಜಿ ಇರುವವರು ಈ ಕೆಲಸಕ್ಕೆ ಬರಬಾರದು. ಗಿಡ ನೆಡದ ಬರಡು ಜಾಗಕ್ಕೆ ಲೀಟರಿಗೆ 200 ಗ್ರಾಂ ಅಡುಗೆ ಉಪ್ಪಿನ ದ್ರಾವಣ, ಬಿಸಿಲಿನ ದಿನ ಸಿಂಪಡಿಸಿದರೆ ಒಣಗುತ್ತದೆ. ಮುಂದೆ ಅಲ್ಲಿ ತೋಟ ಮಾಡುವ ಯೋಚನೆ ಇದ್ದರೆ ಬೇಡ, ಮಣ್ಣು ಕೆಡುತ್ತದೆ. ಮಳೆಗಾಲದಲ್ಲಿ ಎಲೆ ಮೇಲೆ ಬಿಳಿ ರೆಕ್ಕೆಗೆ ಕಂದು ಗೀಟಿನ ಚಿಕ್ಕ ದುಂಬಿ ಕಂಡರೆ ಆ ಸೈಟನ್ನು ಬಿಟ್ಟುಬಿಡಿ. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜಾತಿ ಅದು, ಈ ಗಿಡ ತಿನ್ನುವುದೇ ಅದರ ಕಸುಬು.

ಕಿತ್ತ ಗಿಡ ಹೂವಿಲ್ಲದ್ದಾದರೆ ಎಲೆ ಪಂಜರಕ್ಕೇ ಹಾಕಬಹುದು. ಹಸಿ ಸೊಪ್ಪು ಸೇರಿದರೆ ಒಣ ಎಲೆ ಬೇಗ ಕೊಳೆಯುತ್ತದೆ. ಹೂವಿದ್ದದ್ದನ್ನು ಮಾತ್ರ ಬೇರೆ ಗುಂಡಿಯಲ್ಲಿ ಹೂಳಿ.

---

ಜಮಾಖರ್ಚು ಉತ್ತರ:

ಕೇಳದಿದ್ದರೂ ಹೇಳುತ್ತೇನೆ. ಸಮಿತಿಗೆ ಬೇರೆ ನೋಂದಣಿ ಬೇಡ. ಸಂಘ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಈಗಾಗಲೇ ಇದ್ದರೆ ಅದರ ಉಪಸಮಿತಿ ಎಂದು ನಡಾವಳಿ ಪುಸ್ತಕದಲ್ಲಿ ಒಂದು ನಿರ್ಣಯ ಬರೆಯಿರಿ, ಖರ್ಚಿನ ಮಿತಿಯನ್ನೂ ಅದರಲ್ಲೇ ನಮೂದಿಸಿ. ಯಾರದೋ ಸ್ವಂತ ಖಾತೆಗೆ ಚಂದಾ ಹಾಕಿಸಬೇಡಿ. ದುಡ್ಡು ಎಷ್ಟು ಸಣ್ಣದಾದರೂ ಮೂರನೇ ತಿಂಗಳಿಗೆ ಜಗಳ.

ಒಂದು ರೂಲ್ಡ್ ಪುಸ್ತಕ, ನಾಲ್ಕು ಕಲಂ: ಪಂಪ್ ಒಂದು ಮತ್ತು ಎರಡರ ಸಾವಿರ ಲೀಟರಿನ ಯೂನಿಟ್, ಬೀದಿದೀಪದ ಮೀಟರ್ ಓದು, ಮೂಲೆ ಸೈಟಿನಲ್ಲಿ ಆ ವಾರ ಎತ್ತಿದ ಗಂಟುಗಳ ಸಂಖ್ಯೆ, ಖರ್ಚು. ಮೀಟರ್ ಓದನ್ನು ತಿಂಗಳ ಒಂದನೇ ತಾರೀಖು ಬೆಳಿಗ್ಗೆ ನೀವೇ ಬರೆದುಕೊಳ್ಳಿ. ಬಿಲ್ಲಿನ ಅಂಕಿ ನಂಬಿ ಹೋಲಿಸಬೇಡಿ, ಓದುವವರು ಒಮ್ಮೆ 28 ದಿನಕ್ಕೆ ಬಂದರೆ ಇನ್ನೊಮ್ಮೆ 33 ದಿನಕ್ಕೆ ಬರುತ್ತಾರೆ.

---

ಮೂರುಫೇಸ್:

ಜಮಾಖರ್ಚು ಅವರ ಮಾತಿಗೆ ಒಂದು ಸೇರ್ಪಡೆ. ಎಲ್‌ಇಡಿ ಹಾಕಿಸೋ ಮುಂಚಿನ ಎರಡು ತಿಂಗಳ ಓದು ಪುಸ್ತಕದಲ್ಲಿ ಇರಲೇಬೇಕು, ಇಲ್ಲದಿದ್ದರೆ ಉಳಿದದ್ದು ಎಷ್ಟು ಅಂತ ಯಾರಿಗೂ ತೋರಿಸೋಕೆ ಆಗಲ್ಲ. 48 ಕಂಬ ಒಟ್ಟಿಗೆ ಬೇಡ. ಮೊದಲು 8 ಹಾಕಿಸಿ, ಒಂದು ಮಳೆಗಾಲದ ಸಿಡಿಲು-ಗುಡುಗು ತಡೆದುಕೊಂಡವಾ ನೋಡಿ, ಆಮೇಲೆ ಉಳಿದ 40. ಆ ಎಂಟರಲ್ಲಿ ಒಂದು ಕಸದ ಮೂಲೆಯ ಕಂಬ ಇರಲಿ.